ಅಜ್ಜನವರ ವಿಭೂತಿ ಚೀಲದಲ್ಲಿ ಇದ್ದದ್ದು

ಸ್ವಲ್ಪ ಹತ್ತಿರ ಸರಿದು ಕೂರಿ. ಈಗ ನಾನು ಬರೆಯುವ ಮಾತನ್ನು ನೀವು ಗಟ್ಟಿಯಾಗಿ ಓದಬಾರದು, ಓದಿದ ಮೇಲೆ ಇನ್ನೊಬ್ಬರ ಕಿವಿಗೆ ಹಾಕಬಾರದು. ಅದರಲ್ಲೂ ನಮ್ಮ ಓಣಿಯ ಫಕೀರವ್ವನ ಮುಂದೆ, ಬಾಳವ್ವ ಹೀಗೆಲ್ಲ ಬರೆದಿದ್ದಾಳೆ ಎಂದು ಯಾರೂ ಉಸಿರೆತ್ತಕೂಡದು. ಹಾಗೆ ಹೇಳಿದವರ ಮನೆಯ ಹಾಲು ಒಡೆಯಲಿ.

ಮಠದವರು ಪೂಜ್ಯರ ಮಹಿಮೆಗಳನ್ನು ಪುಸ್ತಕ ಮಾಡುತ್ತೇವೆ, ಕಂಡವರು ಕಂಡ ಹಾಗೆ ಬರೆದುಕೊಡಿ ಎಂದು ಕೇಳಿದ್ದಾರೆ. ಅಚ್ಚಾದ ಮೇಲೆ ಗುಟ್ಟು ಹೇಗೆ ಉಳಿಯುತ್ತದೆ ಅಂದಿರಾ? ಓದಿದವರು ಬಾಯಿ ಬಿಗಿ ಹಿಡಿದರೆ ತಾನೇ ಉಳಿಯುತ್ತದೆ. ನಾನು ಸಾಲಿ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದೇ ಬೇಗ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತು ಮಾತ್ರ ತಿದ್ದಬೇಡಿ. ಸಕ್ಕರೆ ಇಲ್ಲದ ಚಹಾ ಪಕ್ಕಕ್ಕಿಟ್ಟುಕೊಂಡು ಬರೆಯುತ್ತಿದ್ದೇನೆ. ಸಕ್ಕರೆ ಯಾಕಿಲ್ಲ ಎನ್ನುವುದು ಕೊನೆಗೆ ನಿಮಗೇ ತಿಳಿಯುತ್ತದೆ.

ಲಿಂಗೈಕ್ಯ ಶ್ರೀ ಅಡಿವಯ್ಯಜ್ಜನವರು ನಮ್ಮೂರ ಕೆರೆದಂಡೆಯ ಮಠದಲ್ಲಿ ಬಾಳಿದ ಪುಣ್ಯಪುರುಷರು. ಮಠವೆಂದರೆ ಕಲ್ಲಿನ ಕಮಾನು, ಬೆಳ್ಳಿ ಬಾಗಿಲು ಅಂದುಕೊಳ್ಳಬೇಡಿ. ತಗಡಿನ ಚಪ್ಪರ, ಒಂದು ಬೇವಿನ ಗಿಡ, ಹಸಿದು ಬಂದವರಿಗೆ ಉಣ್ಣಲಿಕ್ಕಿಡುವ ದಾಸೋಹದ ಅಡುಗೆಮನೆ. ಪೂಜ್ಯರು ಬೆಳಗಿನ ಪೂಜೆ ಮುಗಿಸಿ ಬೇವಿನ ಬುಡದಲ್ಲಿ ಗೋಣಿತಟ್ಟು ಹಾಸಿಕೊಂಡು ಕೂರುತ್ತಿದ್ದರು. ಕುಳಿತು ಜಪ ಮಾಡುತ್ತಿದ್ದರು ಎಂದು ಬರೆದರೆ ಚಂದ ಕಾಣುತ್ತದೆ, ಆದರೆ ಅವರು ಮಾಡುತ್ತಿದ್ದದ್ದು ಊಟಕ್ಕೆ ಬರುವವರಿಗಾಗಿ ಮುತ್ತುಗದ ಎಲೆ ಹಚ್ಚುವ ಕೆಲಸ. ಬಂದವರ ದುಃಖವನ್ನೆಲ್ಲ ಕೇಳುತ್ತಿದ್ದರು, ಕೈ ಮಾತ್ರ ಕಡ್ಡಿ ಚುಚ್ಚುತ್ತಲೇ ಇರುತ್ತಿತ್ತು. ಮಾತು ಬಹಳ ಕಡಿಮೆ. ಅವರು ಒಂದು ಮಾತಾಡಿದರೆ ನಾವು ಹೆಂಗಸರು ಅದನ್ನೇ ವಾರಗಟ್ಟಲೆ ಮಾತಾಡುತ್ತಿದ್ದೆವು.

ಅವರ ಸೊಂಟಕ್ಕೆ ಕಾವಿ ಬಟ್ಟೆಯ ಒಂದು ವಿಭೂತಿ ಚೀಲ. ಬ್ಯಾನೆ ಎಂದು ಅತ್ತುಕೊಂಡು ಬಂದವರ ಹಣೆಗೆ ಅದರಿಂದ ಒಂದು ಚಿಟಿಕೆ ಹಚ್ಚುತ್ತಿದ್ದರು. ಆ ಚೀಲಕ್ಕೆ ಬೇರೆಯವರು ಕೈ ಹಾಕುವಂತಿರಲಿಲ್ಲ. ಹಾಗಾಗಿ ಅದರೊಳಗೆ ಏನಿದೆ ಎಂದು ಊರಿಗೆ ಊರೇ ಕಥೆ ಕಟ್ಟಿತ್ತು. ಕಾಶಿಯ ಭಸ್ಮ ಎಂದರು ಒಬ್ಬರು, ಸಾಯುವವರನ್ನು ಎಬ್ಬಿಸುವ ಬೇರು ಎಂದರು ಇನ್ನೊಬ್ಬರು. ಹಿಂದಿನ ಗುರುಗಳ ಹಲ್ಲು ಇದೆ ಎಂದು ಹೇಳಿದವಳು ನಾನೇ. ನನಗೆ ಹಾಗೆ ಅನಿಸಿತ್ತು, ಹೇಳಿದೆ. ಒಳಗೆ ನಿಜವಾಗಿ ಏನಿತ್ತು ಎಂಬುದನ್ನು ನಾನು ಈ ಎರಡು ಕಣ್ಣಿಂದ ಕಂಡವಳು.

ಇನ್ನು ಅಡುಗೆಮನೆಯ ಕಟ್ಟುಕಟ್ಟಳೆ ಹೇಳಬೇಕು, ಇಲ್ಲದಿದ್ದರೆ ಕಥೆ ತಲೆಗೆ ಹೋಗುವುದಿಲ್ಲ. ದಾಸೋಹದ ಒಲೆಯ ಮುಂದೆ ರೊಟ್ಟಿ ಬಡಿಯಲು ಕೂರುವ ಹೆಂಗಸಿಗೆ ಮುಟ್ಟು ನಿಂತಿರಬೇಕು. ನಿಂತ ಮೇಲೆ ಆಕೆಯ ಸೊಂಟಕ್ಕೆ ಒಂದು ಬಿಳಿ ವಸ್ತ್ರ ಕಟ್ಟುತ್ತಿದ್ದೆವು. ಕಟ್ಟಿಸಿಕೊಂಡವಳು ಸಾಯುವ ತನಕ ಒಲೆಯ ಒಡತಿ. ಕಟ್ಟಿಸಿಕೊಳ್ಳದವರು ಹೊರಗೆ ಕಾಳು ಹಸನು ಮಾಡುವುದು, ಹಿಟ್ಟು ಸಾಣಿಸುವುದು, ಮುಸುರೆ ತಿಕ್ಕುವುದು. ಅಡುಗೆಮನೆಯ ಯಜಮಾನಿಕೆ ನೀಲಕ್ಕನದು. ಮೊದಲನೇ ಒಲೆ ಫಕೀರವ್ವನದು.

ಫಕೀರವ್ವ ನನ್ನ ಪಕ್ಕದ ಮನೆಯವಳು. ನಮ್ಮಿಬ್ಬರ ನಡುವೆ ಒಂದೇ ಗೋಡೆ, ಅದೂ ಸಣ್ಣದು. ಗಂಡ ಸತ್ತ ಮೇಲೆ ಆಕೆಗೆ ಆ ಒಲೆಯೇ ಮನೆ, ಆ ಒಲೆಯೇ ದೇವರು. ಆಕೆ ಬಡಿದ ರೊಟ್ಟಿ ಎತ್ತಿ ಹಿಡಿದರೆ ಅತ್ತ ಕಡೆ ನಿಂತವರ ಮುಖ ಕಾಣಬೇಕು, ಅಷ್ಟು ತೆಳ್ಳಗೆ. ನಾನೂ ಬಿಳಿ ವಸ್ತ್ರ ಕಟ್ಟಿಸಿಕೊಂಡವಳೇ, ಆದರೆ ನನಗೆ ಕೊಟ್ಟದ್ದು ಮೂಲೆಯ ಒಲೆ. ಹೊಗೆ ಎಲ್ಲ ನನ್ನ ಕಣ್ಣಿಗೆ. ನಾನೇನು ಅದಕ್ಕೆ ಹೊಟ್ಟೆಕಿಚ್ಚು ಪಟ್ಟವಳಲ್ಲ. ಆದರೆ ಕಣ್ಣಿದ್ದವರು ನೋಡದೆ ಇರುತ್ತಾರೆಯೆ?

ಶ್ರಾವಣ ಕಳೆದು ಬಿಸಿಲು ಬಿದ್ದಿತ್ತು. ಫಕೀರವ್ವ ಎಲ್ಲರಿಗಿಂತ ಮೊದಲು ಕೆರೆಗೆ ಹೋಗಿ ಬರುತ್ತಿದ್ದಳು. ಮೊದಲೆಲ್ಲ ನನ್ನನ್ನು ಕೂಗಿ ಕರೆದುಕೊಂಡು ಹೋಗುವವಳು, ಈಗ ಕಳ್ಳಿಯ ಹಾಗೆ ಒಬ್ಬಳೇ. ಸೀರೆ ಒಣಹಾಕಿದರೆ ಅದರ ಕೆಳಗೆ ಇನ್ನೇನೋ ಒಣಗುತ್ತಿತ್ತು. ಒಲೆಯ ಮುಂದೆ ಕೂರುವಾಗ ಮಣೆಯ ಮೇಲೆ ಬಟ್ಟೆ ಮಡಚಿ ಹಾಕಿಕೊಳ್ಳುತ್ತಿದ್ದಳು. ಏಳುವಾಗ ಹಿಂದಕ್ಕೆ ತಿರುಗಿ ನೋಡಿಕೊಳ್ಳುತ್ತಿದ್ದಳು. ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕೆ? ಒಂದು ಮುಂಜಾನೆ ನಾನು ಕೆರೆಯ ಹಿಂದಿನ ದಾರಿ ಹಿಡಿದು ಹೋದೆ. ಕಲ್ಲಿನ ಮರೆಗೆ ಕುಳಿತು ಬಟ್ಟೆ ಒಗೆಯುತ್ತಿದ್ದಳು. ನೀರು ಕೆಂಪಗಿತ್ತು.

ಹಾಗಾದರೆ ಇವಳಿಗೆ ಮುಟ್ಟು ನಿಂತೇ ಇರಲಿಲ್ಲ! ಸುಳ್ಳು ಹೇಳಿ ಬಿಳಿ ವಸ್ತ್ರ ಕಟ್ಟಿಸಿಕೊಂಡು, ಇಷ್ಟು ವರ್ಷ ಮಠದ ಮೊದಲನೇ ಒಲೆ ಹಿಡಿದು ಕುಳಿತಿದ್ದಾಳೆ! ಇಡೀ ಊರು ಆ ರೊಟ್ಟಿ ತಿಂದಿದೆ! ನಾನು ಬಂದ ದಾರಿಯಲ್ಲೇ ತಿರುಗಿ ಓಡಿದೆ. ಓಡಿದೆ ಎಂದರೆ ಕುಂಟುತ್ತ. ಬಲಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಗಾಯವಾಗಿತ್ತು, ಅರಿಷಿಣ ಮೆತ್ತಿ ಬಟ್ಟೆ ಸುತ್ತಿದ್ದೆ. ಮಠ ಮುಟ್ಟುವುದರೊಳಗೆ ಬಾಯಿ ಒಣಗಿ ಒಂದು ತಂಬಿಗೆ ನೀರು ಕುಡಿದು, ಇನ್ನೊಂದು ತಂಬಿಗೆ ಕುಡಿದು, ಆಮೇಲೆ ನೀಲಕ್ಕನಿಗೆ ಹೇಳಿದೆ. ನೀಲಕ್ಕ ಕೈಯಲ್ಲಿದ್ದ ಸೌಟು ಬಿಟ್ಟಳು.

"ನೀ ಖರೇನ ಕಂಡಿಯೇನ ಬಾಳವ್ವ?"

"ನನ್ನ ಕಣ್ಣಾಣೆ."

"ನಿನ್ನ ಕಣ್ಣಾಣೆ ಬ್ಯಾಡ. ನಿನ್ನ ಕಣ್ಣು ಗ್ವಾಡಿ ಆಚಿಂದೂ ಕಾಣ್ತಾವು."

"ಹಂಗಾರ ನೀನ ಹೋಗಿ ಆಕಿ ಮಣಿ ಮ್ಯಾಲಿನ ಅರಿವಿ ಎತ್ತಿ ನೋಡು."

ನೀಲಕ್ಕ ನೋಡಲಿಲ್ಲ. ಸೀದಾ ಅಜ್ಜನವರ ಹತ್ತಿರ ನಡೆ ಎಂದಳು. ಕಾಳು ಹಸನು ಮಾಡುತ್ತಿದ್ದವರೂ ಮೊರ ಬಿಟ್ಟು ನಮ್ಮ ಹಿಂದೆ ಬಂದರು. ಕರೆದವರು ಯಾರೂ ಇಲ್ಲ. ನಾನು ದಾರಿಯಲ್ಲಿ ಒಬ್ಬಿಬ್ಬರಿಗೆ ಸುಮ್ಮನೆ ಸೂಚನೆ ಕೊಟ್ಟಿದ್ದೆ, ಅಷ್ಟೇ.

ಪೂಜ್ಯರು ಎಂದಿನಂತೆ ಬೇವಿನ ನೆರಳಲ್ಲಿ ಎಲೆ ಹಚ್ಚುತ್ತ ಕುಳಿತಿದ್ದರು. ನಾನು ಅಡ್ಡಬಿದ್ದು ಎದ್ದು, ಸೆರಗು ಬಾಯಿಗೆ ಅಡ್ಡ ಹಿಡಿದು ಅರಿಕೆ ಮಾಡಿಕೊಂಡೆ.

"ಅಜ್ಜಾರ, ಮಠದ ಒಲಿ ಮೈಲಿಗಿ ಆಗೇತ್ರಿ."

"ಯಾರಿಂದ, ತಾಯಿ?"

"ಹೇಳಿದ್ರ ನನ್ನ ನಾಲಿಗಿ ಹೊಲಸಾಗತೈತ್ರಿ."

"ಹಂಗಾರ ಹೇಳಬ್ಯಾಡ" ಎಂದರು ಪೂಜ್ಯರು, ಎಲೆಯಿಂದ ಕಣ್ಣೆತ್ತದೆ.

ಹೇಳಬೇಡ ಎಂದರೆ ಹೇಗೆ? ಅಲ್ಲಿಂದ ಇಲ್ಲಿಗೆ ಕುಂಟಿಕೊಂಡು ಬಂದದ್ದು ಯಾತಕ್ಕೆ? ಎಲ್ಲ ಹೇಳಿದೆ. ಕೆರೆ, ಕಲ್ಲು, ಬಟ್ಟೆ, ನೀರಿನ ಬಣ್ಣ, ಮಣೆಯ ಮೇಲಿನ ಅರಿವೆ, ಒಂದನ್ನೂ ಬಿಡಲಿಲ್ಲ. ನಾನು ಮುಗಿಸುವ ಹೊತ್ತಿಗೆ ಫಕೀರವ್ವ ತಾನೇ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿದ್ದಳು. ಎರಡೂ ಕೈಗೆ ಜೋಳದ ಹಿಟ್ಟು. ಮುಖದ ಬಣ್ಣಕ್ಕೂ ಹಿಟ್ಟಿನ ಬಣ್ಣಕ್ಕೂ ವ್ಯತ್ಯಾಸವಿರಲಿಲ್ಲ. ನಿಜ ಹೇಳುತ್ತೇನೆ, ಆಕೆಯ ತುಟಿ ಅಷ್ಟು ಬೆಳ್ಳಗಾದದ್ದನ್ನು ನಾನು ಆವತ್ತೇ ನೋಡಿದ್ದು. ದಿನಾ ನೋಡುತ್ತಿದ್ದೆ, ಆದರೆ ಮುಖ ನೋಡಿರಲಿಲ್ಲ.

"ಸುಳ್ಳು ಹೇಳಿಲ್ರಿ ಅಜ್ಜಾರ" ಎಂದಳು. ಅಷ್ಟಕ್ಕೇ ಕಾಲಲ್ಲಿ ಬಲ ಸಾಲದೆ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕುಳಿತಳು. "ಆವಾಗ ಖರೇನ ನಿಂತಿತ್ರಿ. ಈಗ ತಿರುಗಿ ಬಂದೈತಿ. ಯಾಕ ಬಂತು ಗೊತ್ತಿಲ್ರಿ. ಒಲಿ ಮಾತ್ರ ಕಸಗೋಬ್ಯಾಡ್ರಿ. ಒಲಿ ಹ್ವಾದ್ರ ನಾ ಎಲ್ಲಿಗೆ ಹೋಗ್ಲಿ?"

ಪೂಜ್ಯರ ಕೈ ನಿಂತಿತು. ಅವರ ಕೈ ನಿಂತದ್ದನ್ನು ನಾವು ಯಾರೂ ಕಂಡವರಲ್ಲ. ಎಲೆ ಕೆಳಗಿಟ್ಟರು, ಕಡ್ಡಿ ಕೆಳಗಿಟ್ಟರು, ಎದ್ದು ಆಕೆಯ ಹತ್ತಿರ ಹೋಗಿ ನೆಲಕ್ಕೆ ಕುಳಿತರು. ಹೊಸ್ತಿಲ ಹೊರಗೆ ಸ್ವಾಮಿಗಳು, ಒಳಗೆ ಮೈಲಿಗೆಯಾದ ಹೆಂಗಸು. ನೀಲಕ್ಕ "ಅಯ್ಯ ಶಿವನ" ಎಂದು ಹಿಂದೆ ಸರಿದಳು.

"ನಿಂತು ಎಷ್ಟು ದಿನ ಆಗಿತ್ತವ್ವ?"

"ಬಾಳ ವರ್ಷ ಆಗಿತ್ರಿ. ಮೊಮ್ಮಗಳು ಹುಟ್ಟೂಕಿಂತ ಮೊದಲ ನಿಂತಿತ್ತು. ಈಗ ಆಕಿ ಸಾಲಿಗೆ ಹೊಂಟಾಳ್ರಿ."

"ತಿರುಗಿ ಕಂಡಿದ್ದು?"

"ಯುಗಾದಿ ಮುಂದ ಒಂಚೂರು ಕಂಡಿತ್ರಿ. ಹೋತು ಅಂದ್ಕೊಂಡೆ. ಆಮ್ಯಾಲೆ ಮತ್ತ ಬಂತು. ಈಗ ನಿಲ್ಲವಲ್ದು."

"ಮಗಗ ಹೇಳೀಯೇನು?"

ಫಕೀರವ್ವ ತಲೆ ತಗ್ಗಿಸಿದಳು. "ಗಂಡಹುಡುಗನ ಮುಂದ ಇಂಥಾದ್ದು ಹೆಂಗ ಹೇಳೂದ್ರಿ? ಸೊಸಿ ಮುಂದ ಹೇಳಿದ್ರ, ಈ ವಯಸ್ಸಿನ್ಯಾಗ ಇದೇನು ನಾಚಿಗೇಡು ಅಂದಾಳು. ನಿಮ್ಮ ವಿಭೂತಿ ನೀರಾಗ ಕಲಿಸಿ ಕುಡೀಲಿಕ್ಕತ್ತೀನಿ. ಕಮ್ಮಿ ಆಗತೈತ್ರಿ."

ಆಗ ನಾನು ಸುಮ್ಮನಿರಬೇಕಿತ್ತೋ ಏನೋ. "ಕಮ್ಮಿ ಆಗೇತಂತ! ಕೆರಿ ನೀರು ನೋಡಿ ಬರ್ರಿ" ಎಂದೆ. ಪೂಜ್ಯರು ನನ್ನತ್ತ ಒಮ್ಮೆ ನೋಡಿದರು. ಅದು ಸಿಟ್ಟಿನ ನೋಟವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬೈಸಿಕೊಂಡು ಗಟ್ಟಿಯಾದ ಮೈ ಇದು. ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ನನ್ನ ಕಾಲಿನ ಬಟ್ಟೆ ನೋಡಿದರು, ಆಮೇಲೆ ಫಕೀರವ್ವನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ನಿಂತದ್ದು ತಿರುಗಿ ಬಂದ್ರ ಅದು ಮುಟ್ಟಲ್ಲ, ತಾಯಿ. ಮೈ ಕೂಗಿ ಕರೀಲಿಕ್ಕತ್ತೈತಿ. ಇವತ್ತ ದವಾಖಾನಿಗೆ ಹೋಗಬೇಕು."

"ನಿಮ್ಮ ವಿಭೂತಿ ಇರುವಾಗ ದವಾಖಾನಿ ಯಾಕ್ರಿ?" ಎಂದಳು ಫಕೀರವ್ವ. ಅಳುತ್ತಿದ್ದಳು. "ಔಷಧಿ ತಗೊಂಡ್ರ ವಿಭೂತಿ ಮ್ಯಾಲೆ ನಂಬಿಗಿ ಇಲ್ಲಂದಂಗ ಆಗತೈತ್ರಿ. ನಾ ನಂಬಿಗಿ ಬಿಡಾಕಿ ಅಲ್ರಿ."

ಈ ಮಾತು ಫಕೀರವ್ವನೊಬ್ಬಳದಲ್ಲ, ನಮ್ಮೆಲ್ಲರದ್ದು. ಮಠದಿಂದ ವಿಭೂತಿ ಒಯ್ದ ಮನೆಯಲ್ಲಿ ಗುಳಿಗೆ ನುಂಗಿದರೆ ಗುರುವಿಗೆ ಅಪಚಾರ ಎಂದು ನಾವು ನಾವೇ ಹೇಳಿಕೊಂಡು ಬಂದದ್ದು. ಈಗ ಹತ್ತಿರ ಬನ್ನಿ, ಇದೇ ಆ ಗುಟ್ಟು.

ಪೂಜ್ಯರು ಸೊಂಟದ ಚೀಲ ಬಿಚ್ಚಿದರು. ಊರೇ ಕಥೆ ಕಟ್ಟಿದ ಆ ಚೀಲವನ್ನು ಫಕೀರವ್ವನ ಹಿಟ್ಟಿನ ಕೈಯ ಮುಂದೆ ಬೋರಲು ಹಾಕಿದರು. ವಿಭೂತಿ ಗಟ್ಟಿ ಬಿತ್ತು. ಅದರ ಜೊತೆಗೆ ಗುಳಿಗೆಗಳು ಬಿದ್ದವು! ದವಾಖಾನೆಯ ಗುಳಿಗೆ, ಬೆಳ್ಳಿ ಹಾಳೆಯಲ್ಲಿ ಸಾಲಾಗಿ ಕುಳಿತಿರುತ್ತವಲ್ಲ, ಅವೇ. ಅರ್ಧ ಖಾಲಿಯಾಗಿದ್ದವು. ಹಿಂದಿನ ಗುರುಗಳ ಹಲ್ಲು ಇರಲಿಲ್ಲ.

"ಇವು ರಕ್ತದ ಒತ್ತಡಕ್ಕ" ಎಂದರು ಪೂಜ್ಯರು. "ತಲಿ ತಿರುಗಿ ಗದ್ದಿಗಿ ಮುಂದ ಬಿದ್ದೆ. ಡಾಕ್ಟರು ಕೊಟ್ಟಾರ. ಪೂಜಿ ಮುಗಿಸಿ ದಿನಾ ನುಂಗತೀನಿ. ವಿಭೂತಿ ಹಣಿಗೆ, ತಾಯಿ. ಹೊಟ್ಟಿಗೆ ಔಷಧಿ. ನನ್ನ ಗುರುವಿನ ಮ್ಯಾಲೆ ನನಗ ನಂಬಿಗಿ ಇಲ್ಲೇನು?"

ನಾನು ಬಗ್ಗಿ, ಎಷ್ಟು ಗುಳಿಗೆ ಖಾಲಿಯಾಗಿವೆ ಎಂದು ಎಣಿಸಿದೆ.

ನೀಲಕ್ಕ ಮೆಲ್ಲಗೆ, "ಒಲಿ ಕಟ್ಟು ಏನ ಮಾಡೂಣ್ರಿ ಅಜ್ಜಾರ?" ಎಂದಳು.

"ಆ ಕಟ್ಟು ಯಾರು ಹಾಕ್ಯಾರವ್ವ? ನಾ ಹಾಕಿಲ್ಲ. ನನ್ನ ಗುರುಗಳೂ ಹಾಕಿಲ್ಲ." ಇಷ್ಟು ಹೇಳಿ, ಅಲ್ಲೇ ನಿಂತಿದ್ದ ಒಬ್ಬರನ್ನು ಫಕೀರವ್ವನ ಮಗ ಗುರುಪಾದನ ಹತ್ತಿರ ಕಳಿಸಿದರು. ಗುರುಪಾದ ಟೆಂಪೋ ಓಡಿಸುವವನು. ಅವನು ಓಡಿಬಂದಾಗ ಪೂಜ್ಯರು ಸುತ್ತಿ ಬಳಸಿ ಏನೂ ಹೇಳಲಿಲ್ಲ. "ನಿಮ್ಮವ್ವಗ ರಕ್ತ ಹೋಗಲಿಕ್ಕತ್ತೈತಿ. ಗರ್ಭಕೋಶದ ಬ್ಯಾನಿ ಇರಬಹುದು. ಗಾಡಿ ತಗೊಂಡು ಬಾ" ಎಂದರು, ಜ್ವರ ಬಂದಿದೆ ಎಂದು ಹೇಳುವ ದನಿಯಲ್ಲೇ. ಆ ಹುಡುಗ ನಾಚಿಕೊಂಡನೆ? ಇಲ್ಲ. ತಾಯಿಯ ಮುಖ ನೋಡಿ, "ಯವ್ವಾ, ನನಗ ಯಾಕ ಹೇಳಲಿಲ್ಲ?" ಎಂದು ಅಲ್ಲೇ ಅತ್ತುಬಿಟ್ಟ. ನಾಚಿಕೆ ಎಲ್ಲ ಆಕೆಯ ತಲೆಯೊಳಗೇ ಇತ್ತು, ಪಾಪ.

ನಾನು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದ್ದೆ. ಓಣಿಯಲ್ಲಿ ಈ ಸುದ್ದಿ ಇನ್ನೂ ಗೊತ್ತಿಲ್ಲದವರು ಇದ್ದರು ನೋಡಿ.

"ಬಾಳವ್ವ" ಎಂದರು ಪೂಜ್ಯರು. "ನೀ ಕಂಡೀ. ಕಂಡಾಕಿನ ಕರಕೊಂಡು ಹೋಗಬೇಕು."

"ನಾನ್ರಿ?"

"ನೀನ. ಡಾಕ್ಟರ ಮುಂದ ಆಕಿಗೆ ಹೇಳೂಕಾಗಂಗಿಲ್ಲ. ನಿನಗ ಹೇಳೂಕ ಬರತೈತಿ."

ಇದು ಬೈಗುಳವೋ ಆಶೀರ್ವಾದವೋ ನನಗೆ ಇವತ್ತಿಗೂ ತಿಳಿದಿಲ್ಲ. ಎರಡೂ ಇರಬೇಕು. ಗುರುವಿನ ಅಪ್ಪಣೆ, ಮೀರಲಾಗದು. ಟೆಂಪೋದಲ್ಲಿ ಫಕೀರವ್ವನ ಪಕ್ಕ ಕುಳಿತೆ. ದಾರಿ ಪೂರ್ತಿ ಆಕೆ ನನ್ನ ಮುಖ ನೋಡಲಿಲ್ಲ, ನಾನು ಆಕೆಯ ಮುಖವನ್ನು ಬಿಟ್ಟು ಬೇರೇನೂ ನೋಡಲಿಲ್ಲ. ತಗ್ಗು ಬಂದಾಗ ಮಾತ್ರ ಆಕೆ ನನ್ನ ರಟ್ಟೆ ಹಿಡಿಯುತ್ತಿದ್ದಳು. ರಸ್ತೆ ಸಮ ಆದ ಕೂಡಲೇ ಬಿಡುತ್ತಿದ್ದಳು.

ತಾಲೂಕಿನ ದವಾಖಾನೆಯಲ್ಲಿ ಹೆಂಗಸರ ಡಾಕ್ಟರು ಒಬ್ಬ ಹೆಣ್ಣುಮಗಳಿದ್ದರು, ಎಲ್ಲರೂ ಬಾಯಿಯವರು ಎಂದೇ ಕರೆಯುತ್ತಿದ್ದರು. ಏನಾಗಿದೆ ಎಂದು ಕೇಳಿದರೆ ಫಕೀರವ್ವ, "ಸ್ವಲ್ಪ ಸುಸ್ತು ಆಗತೈತ್ರಿ" ಎಂದಳು. ನೋಡಿ, ಪೂಜ್ಯರಿಗೆ ಮೊದಲೇ ಗೊತ್ತಿತ್ತು. ನಾನು ಮುಂದೆ ಬಂದು ಎಲ್ಲ ಬಿಚ್ಚಿ ಹೇಳಿದೆ: ಯಾವಾಗ ನಿಂತಿತ್ತು, ಯಾವಾಗ ಬಂತು, ಹೇಗೆ ಬಂತು, ದಿನಕ್ಕೆ ಎಷ್ಟು ಅರಿವೆ ಒಗೆಯುತ್ತಾಳೆ, ಏಳುವಾಗ ಹೇಗೆ ಗೋಡೆ ಹಿಡಿಯುತ್ತಾಳೆ. ಡಾಕ್ಟರ್ ಬಾಯಿ ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ತಲೆಯೆತ್ತಿ, "ಎಲ್ಲರ ಜೋಡಿ ನಿಮ್ಮಂಥವರು ಒಬ್ಬರು ಬಂದ್ರ ನಮ್ಮ ಕೆಲಸ ಅರ್ಧ ಆಗತಿತ್ತು" ಎಂದರು. ನನ್ನ ಬಾಯಿಗೆ ಸಿಕ್ಕ ಮೊದಲ ಬಿರುದು ಅದು. ಸುಳ್ಳಾದರೆ ಗುರುಪಾದನನ್ನು ಕೇಳಿ.

ಅವರು ಹೇಳಿದ ಮಾತನ್ನು ನಿಮಗೆ ಇದ್ದ ಹಾಗೆ ಒಪ್ಪಿಸುತ್ತೇನೆ. ಮುಟ್ಟು ನಿಂತು ವರ್ಷ ದಾಟಿದ ಮೇಲೆ ಒಂದು ಹನಿ ಕಂಡರೂ ತೋರಿಸಬೇಕಂತೆ. ನೋವಿಲ್ಲ ಎಂದು ಬಿಡಬಾರದಂತೆ, ತಾನೇ ನಿಂತಿತು ಎಂದೂ ಬಿಡಬಾರದಂತೆ. ಹಾಗೆ ಕಂಡದ್ದೆಲ್ಲ ಕೆಟ್ಟ ಬ್ಯಾನೆಯೇ ಆಗಿರುವುದಿಲ್ಲ, ಎಷ್ಟೋ ಸಲ ಸಣ್ಣದಕ್ಕೇ ಹೀಗಾಗುತ್ತದೆ. ಆದರೆ ಯಾವುದು ಸಣ್ಣದು ಯಾವುದು ದೊಡ್ಡದು ಎಂದು ನೋಡಿ ಹೇಳಬೇಕಾದವರು ಅವರು, ಮನೆಯಲ್ಲಿ ಕುಳಿತ ನಾವಲ್ಲ. ನೆಗಡಿಗೆ ಕಷಾಯ ಮಾಡಿ ಕುಡಿಯಿರಿ, ನಾನೂ ಕುಡಿಯುತ್ತೇನೆ ಎಂದರು ಬಾಯಿಯವರು. ಆದರೆ ಹೊಸದಾಗಿ ಬಂದದ್ದು, ಬಂದು ಹೋಗದೆ ಕುಳಿತದ್ದು, ದಿನದಿಂದ ದಿನಕ್ಕೆ ಹೆಚ್ಚಾದದ್ದು, ಇಂಥದ್ದಕ್ಕೆ ಕಾಯುತ್ತ ಕೂರಬಾರದು ಎಂದರು. ನಾನು ತಲೆಯಾಡಿಸಿ, "ಹೌದ್ರಿ, ಈ ಹೆಂಗಸರಿಗೆ ಬುದ್ಧಿನ ಇಲ್ರಿ" ಎಂದೆ. ಅಲ್ಲಿದ್ದ ನರ್ಸಮ್ಮ ನನ್ನ ಕಾಲು ನೋಡಿ, "ಅಜ್ಜಿ, ಅದೇನು ಗಾಯ?" ಎಂದಳು. "ಚಪ್ಪಲಿ ಕಚ್ಚೇತಿ" ಎಂದು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಬಂದದ್ದು ಫಕೀರವ್ವನ ಕೆಲಸಕ್ಕೆ. ನಡುವೆ ನನ್ನ ಕಾಲಿನ ಪುರಾಣ ಯಾರಿಗೆ ಬೇಕಿತ್ತು?

ಗರ್ಭಕೋಶದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬಂದಾಗ ಡಾಕ್ಟರ್ ಬಾಯಿ ಗುರುಪಾದನನ್ನೂ ನನ್ನನ್ನೂ ಕೂರಿಸಿಕೊಂಡು, ಮೆತ್ತಗೆ, ಆದರೆ ಮುಚ್ಚದೆ ಹೇಳಿದರು. ಅದು ಕ್ಯಾನ್ಸರು. ಆದರೆ ಗರ್ಭಕೋಶದ ಒಳಪದರಿನಲ್ಲೇ ಇದೆ, ಹೊರಗೆ ಹರಡಿದಂತೆ ಕಾಣುವುದಿಲ್ಲ. ಗರ್ಭಕೋಶ ತೆಗೆದುಬಿಟ್ಟರೆ ಉಳಿಯುತ್ತಾರೆ ಎಂಬ ಭರವಸೆ ತಮಗಿದೆ. ಇನ್ನಷ್ಟು ಮುಚ್ಚಿಟ್ಟುಕೊಂಡಿದ್ದರೆ ಈ ಮಾತು ಹೇಳಲು ತಮಗೆ ಬಾಯಿ ಬರುತ್ತಿರಲಿಲ್ಲ ಎಂದರು. ಗುರುಪಾದ ಕಣ್ಣೊರೆಸಿಕೊಂಡ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಫಕೀರವ್ವನಿಗೆ ಹೇಳುವುದು ನನ್ನ ಪಾಲಿಗೆ ಬಂತು. ಎಂಥೆಂಥ ಸುದ್ದಿಯನ್ನು ಓಡುತ್ತ ಹೋಗಿ ಹೇಳಿದ ನಾನು, ಬಾಗಿಲಿಂದ ಆ ಬೆಂಚಿನ ತನಕ ಕಾಲೆಳೆದುಕೊಂಡು ಹೋದೆ. ಹೇಳಿದೆ. ಆಕೆ ಕೇಳಿದ್ದು ಒಂದೇ ಮಾತು: "ಒಲಿ ಮುಂದ ಯಾರು ಕುಂತಾರ?"

ಅದನ್ನೂ ಹೇಳುತ್ತೇನೆ, ಪೂಜ್ಯರ ಮಹಿಮೆ ಅದರಲ್ಲೇ ಇದೆ.

ಜಿಲ್ಲಾ ದವಾಖಾನೆಯಲ್ಲಿ ಆಕೆಯ ಆಪರೇಷನ್ನು ಆಯಿತು. ಅಷ್ಟೂ ಕಾಲ ಮಠದ ಮೊದಲನೇ ಒಲೆಯ ಮುಂದೆ ಕುಳಿತವರು ಸಾಕ್ಷಾತ್ ಅಡಿವಯ್ಯಜ್ಜನವರು. ನೀಲಕ್ಕ ಬೇಡ ಬೇಡ ಎಂದು ಕಾಲು ಹಿಡಿದಳಂತೆ. "ಆಕಿ ಬರೂತನಕ ಒಲಿ ಆರಬಾರದು" ಎಂದು ಅಪ್ಪಣೆ ಕೊಟ್ಟು, ಹಿಟ್ಟು ಮುಂದಿಟ್ಟುಕೊಂಡರಂತೆ. ಪೂಜ್ಯರ ಪಾದದಾಣೆ, ಸುಳ್ಳು ಬರೆಯಬಾರದು: ಅವರ ರೊಟ್ಟಿ ಚೆನ್ನಾಗಿರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಹರಿದು, ಅಂಚೆಲ್ಲ ಕರಕಲು. ನಾನೇ ತಿಂದು ನೋಡಿದ್ದೇನೆ. ಆದರೆ ಅದನ್ನು ತಿನ್ನಲು ಸುತ್ತಲಿನ ಹಳ್ಳಿಯಿಂದ ಜನ ಬಂದರು. ಕೈಯಲ್ಲಿ ಹಿಡಿದು ಅತ್ತರು. ಬಂದ ಹೆಂಗಸರಿಗೆಲ್ಲ ಪೂಜ್ಯರು, ರೊಟ್ಟಿ ನೀಡುತ್ತ, "ನಿನ್ನ ಮೈ ಹೆಂಗೈತವ್ವ? ಏನಾರ ಮುಚ್ಚಿಟ್ಟೀಯೇನು?" ಎಂದು ಕೇಳುತ್ತಿದ್ದರು. ಎಷ್ಟು ಜನ ಆ ಒಲೆಯ ಮುಂದೆ ಬಾಯಿಬಿಟ್ಟರು, ಎಷ್ಟು ಜನರನ್ನು ಗುರುಪಾದನ ಟೆಂಪೋ ಹೊತ್ತೊಯ್ಯಿತು! ಒಬ್ಬಳ ಎದೆಯಲ್ಲಿ ಗಂಟು, ಒಬ್ಬಳ ಗಂಡನಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳುವುದು, ಇನ್ನೊಬ್ಬಳ ಕೂಸು ಹಾಲು ಬಿಟ್ಟು ಮಂಕಾಗಿ ಮಲಗಿದ್ದು. ಯಾರು ಯಾರು ಎಂದು ನನಗೆ ಚೆನ್ನಾಗಿ ಗೊತ್ತು. ಹೆಸರು ಬರೆಯಬೇಡ ಎಂದು ಮಠದವರು ಹೇಳಿದ್ದಾರೆ.

ಬಿಳಿ ವಸ್ತ್ರಗಳು ಏನಾದವು ಅಂದಿರಾ? ಪೂಜ್ಯರು ಬಿಸಿ ಹಂಚು ಇಳಿಸಲು ಅವನ್ನು ಕೈಬಟ್ಟೆ ಮಾಡಿಕೊಂಡರು. ಆಮೇಲೆ ಯಾರೂ ಯಾರ ಸೊಂಟಕ್ಕೂ ಕಟ್ಟಲಿಲ್ಲ. ಈಗ ಆ ಅಡುಗೆಮನೆಯಲ್ಲಿ ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರೂ ರೊಟ್ಟಿ ಬಡಿಯುತ್ತಾರೆ. ಮಠದ ಮೇಲೆ ಸಿಡಿಲೇನೂ ಬಿದ್ದಿಲ್ಲ.

ಫಕೀರವ್ವ ಗುಣವಾಗಿ ಮಠಕ್ಕೆ ಬಂದ ದಿನ ಪೂಜ್ಯರು ಒಲೆಯ ಮುಂದಿಂದ ಎದ್ದರು. ಮಣೆಯನ್ನು ತಮ್ಮ ಹೆಗಲ ಮೇಲಿನ ಶಾಟಿಯಿಂದ ಒರೆಸಿ, "ಕುಂದ್ರು, ತಾಯಿ. ಜನರ ಹಲ್ಲು ಉಳಿಯಲಿ" ಎಂದರು. ನಗೆ ಎದ್ದಿತು. ಫಕೀರವ್ವ ನಗುತ್ತ ಅಳುತ್ತ ಕುಳಿತು, ಮೊದಲ ರೊಟ್ಟಿ ಬಡಿದು ಎತ್ತಿ ಹಿಡಿದಳು. ರೊಟ್ಟಿಯ ಆಚೆ ಪೂಜ್ಯರ ಮುಖ ಕಾಣುತ್ತಿತ್ತು. ನೀಲಕ್ಕ ಕೈಮುಗಿದು ನಿಂತಿದ್ದಳು. ಅಂಥ ಭಾಗ್ಯ ಕಣ್ಣಿಗೆ ಮತ್ತೆ ಸಿಗುವುದಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಮಠದವರೂ ಇಲ್ಲಿಗೇ ಮುಗಿಸು ಎಂದರು. ಆದರೆ ಸಕ್ಕರೆಯ ಮಾತು ಉಳಿದಿದೆಯಲ್ಲ.

ಅದಾಗಿ ಕೆಲವು ದಿನಕ್ಕೆ, ನಾನು ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು, ಹೋಗಿ ಬರುವವರಿಗೆ ಇದೇ ಪ್ರಸಂಗ ಹೇಳುತ್ತಿದ್ದೆ. ನಾನು ಕೆರೆಗೆ ಹೋಗದಿದ್ದರೆ, ನಾನು ನೋಡದಿದ್ದರೆ, ನಾನು ಬಾಯಿ ಬಿಡದಿದ್ದರೆ ಇವತ್ತು ಫಕೀರವ್ವ ಎಲ್ಲಿರುತ್ತಿದ್ದಳು, ನೀವೇ ಹೇಳಿ, ಎನ್ನುತ್ತಿದ್ದೆ. ಮಾತಾಡಿ ಮಾತಾಡಿ ಬಾಯಿ ಒಣಗಿ ಪಕ್ಕದ ತಂಬಿಗೆ ಎತ್ತಿದೆ, ಖಾಲಿಯಾಗಿತ್ತು. ಕಾಲಿನ ಬಟ್ಟೆಯ ಮೇಲೆ ನೊಣ ಕೂರುತ್ತಿದ್ದವು, ಓಡಿಸುತ್ತಿದ್ದೆ. ತಲೆಯೆತ್ತಿದರೆ ಫಕೀರವ್ವ ಎದುರಿಗೆ ನಿಂತಿದ್ದಾಳೆ! ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. ಕೇಳುತ್ತಿದ್ದವರೆಲ್ಲ ಮೆಲ್ಲಗೆ ಜಾಗ ಖಾಲಿ ಮಾಡಿದರು. ಬೈಯುತ್ತಾಳೆ ಎಂದುಕೊಂಡೆ. ಇಲ್ಲ, ಕಾಲಿಗೆ ಬೀಳುತ್ತಾಳೆ ಎಂದುಕೊಂಡೆ. ಎರಡಕ್ಕೂ ನಾನು ತಯಾರಿದ್ದೆ.

ಆಕೆ ಎರಡನ್ನೂ ಮಾಡಲಿಲ್ಲ. ಬಗ್ಗಿ ನನ್ನ ಕಾಲಿನ ಬಟ್ಟೆ ಬಿಚ್ಚಿದಳು. ನಾನು ಕಾಲು ಎಳೆದುಕೊಂಡರೂ ಬಿಡಲಿಲ್ಲ. ರೊಟ್ಟಿ ಬಡಿದ ಕೈ, ಗಟ್ಟಿ ಹಿಡಿತ. ಗಾಯ ನೋಡಿದಳು, ಖಾಲಿ ತಂಬಿಗೆ ನೋಡಿದಳು, ಆಮೇಲೆ ನನ್ನ ಮುಖಕ್ಕೆ ಮುಖ ಕೊಟ್ಟು ಹೀಗೆಂದಳು:

"ನೀ ನನ್ನ ಮಾನ ಕಳೀಲಿಕ್ಕಂತನ ಹೋಗಿದ್ದಿ, ಬಾಳವ್ವ. ಅದು ನನಗ ಗೊತ್ತೈತಿ, ಅಜ್ಜಾರಿಗೂ ಗೊತ್ತಿತ್ತು. ಅದಿರ್ಲಿ. ನನ್ನ ಹೊಟ್ಟಿ ಕೊಯ್ದ ಗಾಯ ಮಾದು ಹೋತು, ನಿನ್ನ ಚಪ್ಪಲಿ ಕಚ್ಚಿದ ಗಾಯ ಇನ್ನೂ ಹಸಿ ಐತಿ. ಕೊಡಗಟ್ಟಲೆ ನೀರು ಕುಡೀತಿ, ನಿಮಿಷಕ್ಕೊಮ್ಮೆ ಹಿತ್ತಲಕ್ಕ ಹೋಗ್ತಿ. ನಿನಗಷ್ಟ ಕಣ್ಣು ಅದಾವೇನು? ಕಂಡಾಕಿನ ಕರಕೊಂಡು ಹೋಗಬೇಕಂತ ಅಜ್ಜಾರ ಅಪ್ಪಣಿ ಐತಿ. ಗುರುಪಾದ ಗಾಡಿ ತಂದು ನಿಂದ್ರಿಸ್ಯಾನ. ಏಳು. ಏಳದಿದ್ರ ಈಗಿಂದೀಗ ಓಣಿ ತುಂಬಾ ಹೇಳಿ ಬರ್ತೀನಿ, ಬಾಳವ್ವಗ ಸೂಜಿ ಅಂದ್ರ ಅಂಜಿಕಿ ಅಂತ."